ಎದೆನೀರಿನಲ್ಲಿ ವೈರಸ್ ಹುಡುಕುವುದು: ಯಾವಾಗ, ಹೇಗೆ, ಎಷ್ಟು ನಂಬಬೇಕು

ಜ್ವರ, ಕೆಮ್ಮು, ಮೈಕೈ ನೋವು ಶುರುವಾಗಿ ಕೆಲವು ದಿನ ಕಳೆದಿವೆ. ಈಗ ಉಸಿರೆಳೆದರೆ ಎದೆಯ ಒಂದು ಪಕ್ಕ ಚುಚ್ಚುತ್ತದೆ. ಎಕ್ಸ್‌ರೇ ತೆಗೆದರೆ ಕೆಳಗಿನ ಚೂಪು ಮೂಲೆ ಮೊಂಡಾಗಿದೆ, ಅಂದರೆ ಶ್ವಾಸಕೋಶದ ಸುತ್ತ ನೀರು ಸೇರಿದೆ. ಇಂಥ ರೋಗಿಯನ್ನು ನೋಡಿದಾಗ 'ವೈರಲ್ ಇರಬೇಕು' ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಆ ನೀರನ್ನೇ ಪರೀಕ್ಷೆಗೆ ಕಳಿಸಿ ಅದನ್ನು ತೋರಿಸಿಕೊಡಲು ಆಗುತ್ತದೆಯೇ? ಆಗುತ್ತದೆ, ಆದರೆ ಕೆಲವೇ ಸಂದರ್ಭಗಳಲ್ಲಿ. ಅದಕ್ಕೂ ನೀರು ತೆಗೆದ ಕೈಯಿಂದ ಹಿಡಿದು ವರದಿ ಓದುವ ಕಣ್ಣಿನವರೆಗೆ ಎಲ್ಲರೂ ಎಚ್ಚರವಾಗಿರಬೇಕು.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಉಸಿರಾಟದ ವೈರಸ್ಸನ್ನು ಹಿಡಿಯಲು ಎದೆನೀರು ಒಳ್ಳೆಯ ಜಾಗವಲ್ಲ. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಪ್ಯಾರಾಇನ್‌ಫ್ಲುಯೆಂಜಾ, ಕೊರೊನಾ ವೈರಸ್‌ಗಳು ಬೆಳೆಯುವುದು ಉಸಿರುದಾರಿಯ ಒಳಪದರದ ಜೀವಕೋಶಗಳಲ್ಲಿ. ಶ್ವಾಸಕೋಶವನ್ನು ಸುತ್ತಿರುವ ಪ್ಲೂರಾದ ಎರಡು ಪೊರೆಗಳ ನಡುವೆ ನೀರು ಸೇರುವುದು ಬಹಳಷ್ಟು ಸಲ ಅಕ್ಕಪಕ್ಕದ ಉರಿಯೂತದಿಂದ ರಕ್ತನಾಳಗಳು ಸೋರುವುದರಿಂದ. ನೀರು ಇರುತ್ತದೆ, ವೈರಸ್ ಇರಲೇಬೇಕೆಂದಿಲ್ಲ. ಆದ್ದರಿಂದ ವೈರಸ್ ಯಾವುದೆಂದು ತಿಳಿಯಲು ಮೂಗು-ಗಂಟಲಿನ ಸ್ವಾಬ್, ಕಫ ಅಥವಾ ಬ್ರಾಂಕೋಸ್ಕೋಪಿಯಲ್ಲಿ ತೊಳೆದು ತೆಗೆದ ದ್ರವವನ್ನೇ ಮೊದಲು ಕಳಿಸಬೇಕು. ಎದೆನೀರನ್ನು ಮುಖ್ಯವಾಗಿ ತೆಗೆಯುವುದು ಇದು ಬೇರೆ ಯಾವುದೂ ಅಲ್ಲ ಎಂದು ಖಚಿತಪಡಿಸಿಕೊಳ್ಳಲು. ಕೀವಲ್ಲ, ಕ್ಷಯವಲ್ಲ, ಕ್ಯಾನ್ಸರ್ ಅಲ್ಲ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಲ್ಲ, ಹೃದಯದ ಸೋಲಲ್ಲ. ಈ ಬಾಗಿಲುಗಳನ್ನೆಲ್ಲ ಮುಚ್ಚಿದ ಮೇಲೆ ಉಳಿಯುವುದು 'ವೈರಲ್'. ಈ ಕ್ರಮವನ್ನು ತಿರುಗಿಸಿದರೆ ರೋಗಿಗೆ ನಷ್ಟವಾಗುತ್ತದೆ.

ನೀರು ತೆಗೆಯಬೇಕೇ?

ಆರೋಗ್ಯವಂತರಲ್ಲೂ ಪ್ಲೂರಾದ ನಡುವೆ ಕೆಲವು ಮಿಲಿಲೀಟರ್ ದ್ರವ ಇದ್ದೇ ಇರುತ್ತದೆ. ನಿಂತು ತೆಗೆದ ಎದುರಿನ ಎಕ್ಸ್‌ರೇಯಲ್ಲಿ ಮೂಲೆ ಮೊಂಡಾಗಿ ಕಾಣಲು ಸುಮಾರು 200 ಮಿ.ಲೀ. ಸೇರಿರಬೇಕು. ಪಕ್ಕದಿಂದ ತೆಗೆದ ಚಿತ್ರದಲ್ಲಿ 50 ಮಿ.ಲೀ. ಆಸುಪಾಸಿನಲ್ಲೇ ಸುಳಿವು ಸಿಗುತ್ತದೆ. ಅಲ್ಟ್ರಾಸೌಂಡ್ ಇನ್ನೂ ಕಡಿಮೆ ನೀರನ್ನು ತೋರಿಸುತ್ತದೆ. ಒಳಗೆ ಜಾಲರಿಯಂತೆ ಎಳೆಗಳು ಕಟ್ಟಿಕೊಂಡಿವೆಯೇ, ನೀರು ತಿಳಿಯಾಗಿದೆಯೇ ಎಂಬುದನ್ನೂ ಅದರಲ್ಲಿ ನೋಡಬಹುದು. ವೈರಸ್‌ನಿಂದ ಸೇರುವ ನೀರು ಸಾಮಾನ್ಯವಾಗಿ ಕಡಿಮೆ, ಹೆಚ್ಚಾಗಿ ಒಂದೇ ಪಕ್ಕ, ಎಳೆಗಳಿಲ್ಲದೆ ತಿಳಿಯಾಗಿರುತ್ತದೆ. ನೀರಿನ ದಪ್ಪ ಒಂದು ಸೆಂಟಿಮೀಟರ್‌ಗಿಂತ ಕಡಿಮೆಯಿದ್ದು, ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಸೂಜಿ ಹಾಕದೆ ಕಾದು ನೋಡುವುದೇ ಸರಿ.

ಸೂಜಿ ಹಾಕಲೇಬಾರದ ಒಂದು ಸನ್ನಿವೇಶ ಡೆಂಗಿ. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಪ್ಲಾಸ್ಮಾ ಸೋರಿ ಎದೆಯಲ್ಲಿ, ಅದರಲ್ಲೂ ಬಲಗಡೆ, ನೀರು ಸೇರುತ್ತದೆ. ಅದೇ ಸಮಯಕ್ಕೆ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಆ ನೀರಿನಿಂದ ತಿಳಿಯಬೇಕಾದ್ದು ಏನೂ ಇಲ್ಲ. ರಕ್ತದ ಎನ್‌ಎಸ್1 (ಡೆಂಗಿ ವೈರಸ್‌ನ ಪ್ರೋಟೀನ್) ಮತ್ತು ಪ್ರತಿಕಾಯ ಪರೀಕ್ಷೆಯೇ ಸಾಕು. ಅಲ್ಲಿ ಸೂಜಿ ಹಾಕಿದರೆ ರಕ್ತಸ್ರಾವವನ್ನು ಕರೆದು ತಂದ ಹಾಗೆ. ಹಾಂಟಾ ವೈರಸ್‌ನಲ್ಲೂ ರೋಗ ಪತ್ತೆಯಾಗುವುದು ರಕ್ತದ ಪ್ರತಿಕಾಯಗಳಿಂದಲೇ.

ನೀರು ತೆಗೆಯಲೇಬೇಕಾದ ಸನ್ನಿವೇಶಗಳೂ ಇವೆ. ಒಮ್ಮೆ ಇಳಿದ ಜ್ವರ ಮತ್ತೆ ಏರಿದರೆ, ನೀರು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ರಕ್ತದಲ್ಲಿ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾದೊಡನೆ ಹೋರಾಡುವ ಬಿಳಿ ರಕ್ತಕಣ) ಮತ್ತು ಸಿಆರ್‌ಪಿ (ಉರಿಯೂತ ಸೂಚಿಸುವ ಪ್ರೋಟೀನ್) ಮೇಲೇರುತ್ತಿದ್ದರೆ, ರೋಗಿಯ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ತಡಮಾಡಬಾರದು. ಇನ್‌ಫ್ಲುಯೆಂಜಾ ವಾಸಿಯಾಗುತ್ತಿದೆ ಎನ್ನುವಷ್ಟರಲ್ಲಿ ನ್ಯೂಮೋಕಾಕಸ್, ಸ್ಟ್ಯಾಫಿಲೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಒಳನುಗ್ಗುವುದು ಹಳೆಯ ಕಥೆ. 1918ರ ಸಾಂಕ್ರಾಮಿಕದ ಸಮಯದಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ಎದೆಯಲ್ಲಿ ಕೀವು ತುಂಬಿ ಎಷ್ಟೋ ಸೈನಿಕರು ಸತ್ತರು. ಅದರ ಅಧ್ಯಯನಕ್ಕೆಂದೇ ಸೈನ್ಯ ಒಂದು ಆಯೋಗವನ್ನು ನೇಮಿಸಿತು. ಎದೆಗೂಡನ್ನು ಅವಸರದಲ್ಲಿ ತೆರೆದು ಕೀವು ಹರಿಸುವ ಬದಲು ಗಾಳಿ ಒಳಗೆ ಹೋಗದಂತೆ ಕೊಳವೆ ಹಾಕಿ ಬಸಿಯಬೇಕೆಂಬ ಪಾಠವನ್ನು ಶಸ್ತ್ರಚಿಕಿತ್ಸಕ ಇವಾರ್ಟ್ಸ್ ಗ್ರಹಾಂ ಮತ್ತು ಅವರ ಜೊತೆಗಾರರು ಕಲಿಸಿದ್ದು ಆಗಲೇ. ಸ್ವಾಬಿನಲ್ಲಿ ಇನ್‌ಫ್ಲುಯೆಂಜಾ ಪಾಸಿಟಿವ್ ಬಂದಿದೆ ಎಂಬ ಕಾರಣಕ್ಕೆ ಎದೆನೀರನ್ನು ವೈರಲ್ ಎಂದು ಬರೆದು ಕೈಬಿಡುವವರು ಇದನ್ನು ನೆನಪಿಡಬೇಕು.

ತೆಗೆಯುವಾಗ

ಅಲ್ಟ್ರಾಸೌಂಡ್ ನೋಡಿಕೊಂಡೇ ಜಾಗ ಗುರುತು ಮಾಡಿ. ಗುರುತು ಮಾಡಿದ ಮೇಲೆ ರೋಗಿ ಮಗ್ಗುಲು ಬದಲಿಸಿದರೆ ನೀರೂ ಜಾಗ ಬದಲಿಸುತ್ತದೆ, ಆಗ ಮತ್ತೆ ನೋಡಬೇಕು. ರೋಗಿಯನ್ನು ಕೂರಿಸಿ, ಮುಂದಿನ ಮೇಜಿನ ಮೇಲೆ ಕೈಯೂರಿ ಬಾಗುವಂತೆ ಮಾಡಿದರೆ ಪಕ್ಕೆಲುಬುಗಳ ನಡುವೆ ಜಾಗ ಬಿಡುತ್ತದೆ. ಸೂಜಿ ಯಾವಾಗಲೂ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ತಾಗಿಕೊಂಡು ಹೋಗಬೇಕು, ಏಕೆಂದರೆ ರಕ್ತನಾಳ ಮತ್ತು ನರಗಳು ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿರುತ್ತವೆ. ಬೆನ್ನುಮೂಳೆಗೆ ಹತ್ತಿರ ಹೋದಷ್ಟೂ ಆ ರಕ್ತನಾಳ ಪಕ್ಕೆಲುಬಿನ ಮರೆ ಬಿಟ್ಟು ನಡುವಿಗೆ ಬರುತ್ತದೆ. ಆದ್ದರಿಂದ ಬೆನ್ನುಮೂಳೆಗೆ ತೀರಾ ಹತ್ತಿರ ಚುಚ್ಚಬೇಡಿ. ಪರೀಕ್ಷೆಗಷ್ಟೇ ಆದರೆ 21 ಅಥವಾ 22 ಗೇಜಿನ ಸೂಜಿ, 50 ಮಿ.ಲೀ. ಸಿರಿಂಜ್ ಸಾಕು. ಉಸಿರಾಟ ಹಗುರಾಗಲೆಂದು ಹೆಚ್ಚು ತೆಗೆಯುವುದಾದರೆ ಒಂದು ಸಲಕ್ಕೆ ಒಂದೂವರೆ ಲೀಟರ್ ದಾಟಬೇಡಿ. ಕೆಮ್ಮು ಅಥವಾ ಎದೆಬಿಗಿತ ಬಂದರೆ ಅಲ್ಲಿಗೇ ನಿಲ್ಲಿಸಿ.

ಮರಗಟ್ಟಿಸಲು ಕೊಟ್ಟ ಲಿಗ್ನೊಕೇನ್ ಇರುವ ಸಿರಿಂಜಿನಲ್ಲೇ ಪರೀಕ್ಷೆಯ ನೀರನ್ನು ಎಳೆಯಬೇಡಿ. ಲಿಗ್ನೊಕೇನ್ ಆಮ್ಲೀಯವಾದ್ದರಿಂದ ನೀರಿನ ಪಿಎಚ್ ಅನ್ನು ಕೆಳಗಿಳಿಸುತ್ತದೆ. ಸಿರಿಂಜಿನಲ್ಲಿ ಉಳಿದ ಗಾಳಿ ಅದನ್ನು ಮೇಲೇರಿಸುತ್ತದೆ. ಪಿಎಚ್ 7.2ರ ಗೆರೆಯ ಆಚೆ ಈಚೆ ಇರುವಾಗ ನೀರು ಬಸಿಯುವ ಕೊಳವೆ ಹಾಕಬೇಕೋ ಬೇಡವೋ ಎಂಬ ತೀರ್ಮಾನವೇ ಇದರಿಂದ ಕೆಡುತ್ತದೆ.

ಯಾವ ಟ್ಯೂಬಿಗೆ ಎಷ್ಟು

ವೈರಸ್ ಸಿಗದೆ ಹೋಗುವುದಕ್ಕೆ ಲ್ಯಾಬಿನ ಯಂತ್ರಕ್ಕಿಂತ ಹೆಚ್ಚಾಗಿ ಕಾರಣವಾಗುವುದು ತಪ್ಪು ಟ್ಯೂಬು ಮತ್ತು ತಡ. ಸಿರಿಂಜು ಹೊರಬಂದ ಕೂಡಲೇ ಹೆಪಾರಿನ್ ಇರುವ ಬ್ಲಡ್‌ ಗ್ಯಾಸ್ ಸಿರಿಂಜಿಗೆ ಒಂದೆರಡು ಮಿಲಿಲೀಟರ್ ತುಂಬಿ, ಗಾಳಿಗುಳ್ಳೆ ಹೊರಹಾಕಿ, ಮುಚ್ಚಳ ಹಾಕಿ. ಪಿಎಚ್ ಅನ್ನು ಒಂದು ಗಂಟೆಯೊಳಗೆ ಬ್ಲಡ್‌ ಗ್ಯಾಸ್ ಯಂತ್ರದಲ್ಲೇ ನೋಡಬೇಕು. ಪಟ್ಟಿಯಲ್ಲಿ ನೋಡಿದ ಪಿಎಚ್‌ಗೆ ಬೆಲೆಯಿಲ್ಲ. ಕಣ್ಣಿಗೇ ಕಾಣುವಂಥ ಕೀವಿದ್ದರೆ ಆ ಯಂತ್ರಕ್ಕೆ ಹಾಕಬೇಡಿ, ಅದು ಕಟ್ಟಿಕೊಳ್ಳುತ್ತದೆ. ಅಲ್ಲಿ ಪಿಎಚ್‌ನ ಅಗತ್ಯವೂ ಇಲ್ಲ.

ಪ್ರೋಟೀನ್ ಹಾಗೂ ಎಲ್‌ಡಿಎಚ್, ಎಡಿಎ ಎಂಬ ಕಿಣ್ವಗಳ ಪರೀಕ್ಷೆಗಳಿಗೆ ಸುಮಾರು 5 ಮಿ.ಲೀ., ಗ್ಲೂಕೋಸಿಗೆ ಫ್ಲೋರೈಡ್ ಟ್ಯೂಬಿನಲ್ಲಿ ಬೇರೆಯಾಗಿ. ಸಾದಾ ಟ್ಯೂಬಿನಲ್ಲಿ ಬಿಟ್ಟರೆ ನೀರಿನಲ್ಲಿರುವ ಜೀವಕೋಶಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಕೋಶ ಎಣಿಕೆಗೆ ಕೆನ್ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಆಗಬೇಕು. ಇಲ್ಲದಿದ್ದರೆ ನೀರು ಗರಣೆ ಕಟ್ಟಿ, ಕೋಶಗಳು ಅದರೊಳಗೆ ಸಿಕ್ಕಿ ಎಣಿಕೆ ಸುಳ್ಳಾಗುತ್ತದೆ. ಬ್ಯಾಕ್ಟೀರಿಯಾ ಕಲ್ಚರ್‌ಗೆ ನಿರ್ಜೀವೀಕರಿಸಿದ ಡಬ್ಬಿಯ ಜೊತೆಗೆ ಬ್ಲಡ್ ಕಲ್ಚರ್ ಬಾಟಲಿಗಳಿಗೂ, ಗಾಳಿ ಬೇಕಾದ್ದು ಬೇಡವಾದದ್ದು ಎರಡಕ್ಕೂ, 5ರಿಂದ 10 ಮಿ.ಲೀ. ಹಾಕಿ. ಸೈಟಾಲಜಿಗೆ (ಕ್ಯಾನ್ಸರ್ ಕೋಶಗಳಿಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) 25ರಿಂದ 50 ಮಿ.ಲೀ. ಬೇಕು. ಅದೇ ಹೊತ್ತಿಗೆ ರಕ್ತದ ಪ್ರೋಟೀನ್, ಎಲ್‌ಡಿಎಚ್, ಗ್ಲೂಕೋಸಿಗೂ ಕಳಿಸಿ. ಅದಿಲ್ಲದೆ ನೀರಿನ ಅಂಕಿಗಳನ್ನು ಹೋಲಿಸಲು ಆಗುವುದಿಲ್ಲ.

ಇನ್ನು ವೈರಸ್ ಟ್ಯೂಬು. ನಿರ್ಜೀವೀಕರಿಸಿದ, ತಿರುಪು ಮುಚ್ಚಳದ ಟ್ಯೂಬಿನಲ್ಲಿ 2ರಿಂದ 5 ಮಿ.ಲೀ., ಏನನ್ನೂ ಬೆರೆಸದೆ. ಇಡಿಟಿಎ ಇದ್ದರೆ ಅಡ್ಡಿಯಿಲ್ಲ. ಹೆಪಾರಿನ್ ಬೇಡವೇ ಬೇಡ, ಅದು ಪಿಸಿಆರ್‌ನ (ವೈರಸ್‌ನ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನು ಸುತ್ತು ಸುತ್ತಾಗಿ ನಕಲಿಸಿ ಹುಡುಕುವ ಪರೀಕ್ಷೆ) ಕಿಣ್ವವನ್ನು ತಡೆಯುತ್ತದೆ. ಬ್ಲಡ್‌ ಗ್ಯಾಸ್ ಸಿರಿಂಜಿನಲ್ಲಿ ಉಳಿದದ್ದನ್ನೇ ವೈರಸ್ ಪರೀಕ್ಷೆಗೆ ಕಳಿಸಿಬಿಡುವುದು ಆಗಾಗ ನಡೆಯುವ ತಪ್ಪು. ಫಾರ್ಮಲಿನ್‌ಗೆ ಹಾಕಿದ ಮಾದರಿಯೂ ಪ್ರಯೋಜನಕ್ಕಿಲ್ಲ. ಸ್ವಾಬಿಗೆ ಬಳಸುವ ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂನ ಅಗತ್ಯ ದ್ರವಕ್ಕೆ ಇಲ್ಲ. ಮೊದಲೇ ಕಡಿಮೆ ಇರುವ ವೈರಸ್ಸನ್ನು ಅದು ಇನ್ನಷ್ಟು ತೆಳುಮಾಡುತ್ತದೆ. ಮಾದರಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 72 ಗಂಟೆಯೊಳಗೆ ಪರೀಕ್ಷಿಸಬೇಕು. ಅದಕ್ಕಿಂತ ತಡವಾಗುವಂತಿದ್ದರೆ ಮೈನಸ್ 70 ಡಿಗ್ರಿಯಲ್ಲಿ, ಎರಡು ಮೂರು ಸಣ್ಣ ಟ್ಯೂಬುಗಳಿಗೆ ಹಂಚಿ ಇಡಬೇಕು. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ಪ್ರತಿ ಸಲವೂ ಒಡೆಯುತ್ತದೆ. ಕಳಿಸುವಾಗ ಸೋರದ ಟ್ಯೂಬು, ಅದರ ಸುತ್ತ ಹೀರುವ ಬಟ್ಟೆಯಿರುವ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ, ಅದರ ಮೇಲೆ ಯುಎನ್3373 (ಜೈವಿಕ ಮಾದರಿ ಸಾಗಣೆಯ) ಗುರುತು. ಚೀಟಿಯಲ್ಲಿ 'ಎದೆನೀರು' ಎಂದಷ್ಟೇ ಬರೆಯದೆ ರೋಗ ಶುರುವಾದ ದಿನ, ರೋಗನಿರೋಧಕ ಸ್ಥಿತಿ, ಸಂಶಯವಿರುವ ವೈರಸ್‌ಗಳ ಹೆಸರನ್ನು ಬರೆಯಿರಿ.

ಲ್ಯಾಬಿನೊಳಗೆ

ಮಾರುಕಟ್ಟೆಯಲ್ಲಿರುವ ಬಹುವೈರಸ್ ಪಿಸಿಆರ್ ಕಿಟ್‌ಗಳು ಸಾಮಾನ್ಯವಾಗಿ ಮೂಗು-ಗಂಟಲಿನ ಸ್ವಾಬಿಗೆ, ಕೆಲವು ಕಫ ಮತ್ತು ಶ್ವಾಸಕೋಶ ತೊಳೆದ ದ್ರವಕ್ಕೆ ಪ್ರಮಾಣೀಕರಿಸಿದಂಥವು. ಎದೆನೀರಿಗೆ ಬಳಸುವ ಲ್ಯಾಬು ತಾನೇ ಅದನ್ನು ಪರೀಕ್ಷಿಸಿ ನೋಡಿರಬೇಕು. ವೈರಸ್ ಇಲ್ಲದ ಎದೆನೀರಿಗೆ ಗೊತ್ತಿರುವ ಪ್ರಮಾಣದ ವೈರಸ್ ಬೆರೆಸಿ, ಎಷ್ಟು ಕಡಿಮೆಯವರೆಗೆ ಹಿಡಿಯುತ್ತದೆ ಎಂದು ದಾಖಲಿಸಿರಬೇಕು. ಇದನ್ನು ಮಾಡದೆ ಕೊಟ್ಟ ನೆಗೆಟಿವ್ ವರದಿಗೆ ನಾವು ಯಾವ ತೂಕವನ್ನೂ ಕೊಡುವುದಿಲ್ಲ.

ಟ್ಯೂಬನ್ನು ತೆರೆಯುವುದು, ಅಲುಗಾಡಿಸಿ ಬೆರೆಸುವುದು ಎಲ್ಲ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನ ಒಳಗೇ ಆಗಬೇಕು. ಈ ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇರಬಹುದು ಎಂದೇ ಭಾವಿಸಿ. ಹೊರತೆಗೆಯುವ ಕಿಟ್‌ಗಳಿಗೆ ಸಾಮಾನ್ಯವಾಗಿ 200 ಮೈಕ್ರೋಲೀಟರ್ ದ್ರವ ಹಾಕಿ 50–60 ಮೈಕ್ರೋಲೀಟರ್ ನ್ಯೂಕ್ಲಿಯಿಕ್ ಆಮ್ಲ (ಡಿಎನ್‌ಎ, ಆರ್‌ಎನ್‌ಎ) ಪಡೆಯುತ್ತಾರೆ. ಉಳಿದ ನೀರನ್ನು ನಿಧಾನ ವೇಗದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ತಳದ ಕೋಶಗಳನ್ನೂ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಹರ್ಪಿಸ್ ಕುಟುಂಬದ ವೈರಸ್‌ಗಳು ಕೋಶದೊಳಗೇ ಕೂತಿರುತ್ತವೆ. ಮೇಲಿನ ತಿಳಿ ಮಾತ್ರ ತೆಗೆದುಕೊಂಡರೆ ಅವು ತಪ್ಪಿಸಿಕೊಳ್ಳುತ್ತವೆ.

ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಎರಡು ಕಂಟ್ರೋಲ್‌ಗಳು ಇರಲೇಬೇಕು. ಮನುಷ್ಯನ ಆರ್‌ನೇಸ್ ಪಿ ಜೀನ್ ಸಿಕ್ಕರೆ ಮಾದರಿಯಲ್ಲಿ ಕೋಶಗಳಿದ್ದವು, ಹೊರತೆಗೆಯುವ ಕೆಲಸ ನಡೆದಿದೆ ಎಂದರ್ಥ. ಹೊರಗಿನಿಂದ ಬೆರೆಸಿದ ಎಂಎಸ್2 ಫೇಜ್‌ನಂಥದ್ದು (ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್) ಸಿಕ್ಕರೆ ಪಿಸಿಆರ್‌ಗೆ ಅಡ್ಡಿಯಾಗಿಲ್ಲ ಎಂದರ್ಥ. ರಕ್ತ ಬೆರೆತ, ಪ್ರೋಟೀನ್ ಹೆಚ್ಚಿರುವ ಎದೆನೀರಿನಲ್ಲಿ ಅಡ್ಡಿಯಾಗುವುದು ಸಾಮಾನ್ಯ. ಆಗ ಎಂಎಸ್2 ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಹೊರತೆಗೆದದ್ದನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿದರೆ ಅಡ್ಡಿ ಹೋಗಬಹುದು, ಆದರೆ ಅದರಿಂದ ಸುಮಾರು 3.3 ಪಿಸಿಆರ್ ಸುತ್ತಿನಷ್ಟು (ಸೈಕಲ್) ಸೂಕ್ಷ್ಮತೆ ಕಳೆದುಕೊಳ್ಳುತ್ತೇವೆ. ಕಂಟ್ರೋಲ್ ವಿಫಲವಾದ ಮಾದರಿಯನ್ನು 'ನೆಗೆಟಿವ್' ಎಂದು ಬರೆಯುವುದು ಸುಳ್ಳು ವರದಿ. ಅದು 'ಪರೀಕ್ಷಿಸಲು ಆಗಲಿಲ್ಲ' ಎಂದೇ ಹೊರಗೆ ಹೋಗಬೇಕು.

ಮೂಗಿನ ಸ್ವಾಬಿಗಾಗಿ ಮಾಡಿದ ರ‍್ಯಾಪಿಡ್ ಆಂಟಿಜನ್ ಪಟ್ಟಿಯ ಮೇಲೆ ಎದೆನೀರು ಸುರಿಯುವುದನ್ನು ದಯವಿಟ್ಟು ಬಿಡಿ. ಪ್ರೋಟೀನ್ ತುಂಬಿದ ದ್ರವದಲ್ಲಿ ಆ ಗೆರೆ ಮೂಡಿದರೂ, ಮೂಡದಿದ್ದರೂ ಅರ್ಥವಿಲ್ಲ.

ಅಂಕಿಗಳನ್ನು ಓದುವುದು

ಮೊದಲು ಲೈಟ್ ಮಾನದಂಡ. ರಿಚರ್ಡ್ ಲೈಟ್ ಮತ್ತು ಸಂಗಡಿಗರು 1972ರಲ್ಲಿ ಕೊಟ್ಟ ಈ ಮೂರು ಗೆರೆಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ: ನೀರು ಮತ್ತು ರಕ್ತದ ಪ್ರೋಟೀನ್ ಅನುಪಾತ 0.5ಕ್ಕಿಂತ ಹೆಚ್ಚು, ಎಲ್‌ಡಿಎಚ್ ಅನುಪಾತ 0.6ಕ್ಕಿಂತ ಹೆಚ್ಚು, ಅಥವಾ ನೀರಿನ ಎಲ್‌ಡಿಎಚ್ ರಕ್ತದ ಸಹಜ ಮೇಲ್ಮಿತಿಯ ಮೂರನೇ ಎರಡರಷ್ಟಕ್ಕಿಂತ ಹೆಚ್ಚು. ಇವುಗಳಲ್ಲಿ ಒಂದಿದ್ದರೂ ಎಕ್ಸುಡೇಟ್, ಅಂದರೆ ಉರಿಯೂತದಂಥ ಕಾರಣದಿಂದ ಸೋರಿದ ನೀರು; ಒಂದೂ ಇಲ್ಲದಿದ್ದರೆ ಟ್ರಾನ್ಸುಡೇಟ್, ಅಂದರೆ ರಕ್ತನಾಳದ ಒತ್ತಡದ ಏರುಪೇರಿನಿಂದ ಜಿನುಗಿದ ನೀರು. ವೈರಸ್‌ನಿಂದ ಆದ ನೀರು ಸಾಮಾನ್ಯವಾಗಿ ಎಕ್ಸುಡೇಟ್ ಆಗಿರುತ್ತದೆ. ಟ್ರಾನ್ಸುಡೇಟ್ ಬಂದರೆ ಹೃದಯದ ಕಡೆ ನೋಡಿ. ವೈರಸ್ ಹೃದಯದ ಸ್ನಾಯುವಿಗೇ ಉರಿಯೂತ ತಂದು ಹೃದಯ ಸೋತಿರಬಹುದು. ಶ್ವಾಸಕೋಶದ ವೈರಸ್ ಎಂದು ಕೂತರೆ ಆ ರೋಗಿ ಕೈತಪ್ಪುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಟ್ರಾನ್ಸುಡೇಟ್ ಎಕ್ಸುಡೇಟ್‌ನ ವೇಷದಲ್ಲಿ ಬರಬಹುದು. ಅಲ್ಲಿ ರಕ್ತದ ಅಲ್ಬುಮಿನ್‌ನಿಂದ ನೀರಿನ ಅಲ್ಬುಮಿನ್ ಕಳೆಯಿರಿ, ವ್ಯತ್ಯಾಸ ಡೆಸಿಲೀಟರಿಗೆ 1.2 ಗ್ರಾಂ ದಾಟಿದರೆ ಅದು ಟ್ರಾನ್ಸುಡೇಟೇ.

ವೈರಲ್ ನೀರಿನ ಸಾಮಾನ್ಯ ಚಹರೆ ಹೀಗಿರುತ್ತದೆ: ಒಣಹುಲ್ಲಿನಂಥ ತಿಳಿಹಳದಿ ಬಣ್ಣ, ಗ್ಲೂಕೋಸ್ ರಕ್ತದಷ್ಟೇ, ಪಿಎಚ್ 7.3ರ ಮೇಲೆ, ಎಡಿಎ ಕಡಿಮೆ, ಕೋಶಗಳಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳದೇ ಮೇಲುಗೈ. ಮೊದಲ ಒಂದೆರಡು ದಿನ ತೆಗೆದ ನೀರಿನಲ್ಲಿ ನ್ಯೂಟ್ರೋಫಿಲ್ ಹೆಚ್ಚಿರಬಹುದು, ಆಮೇಲೆ ಚಿತ್ರ ಬದಲಾಗುತ್ತದೆ. ಪಿಎಚ್ 7.2ಕ್ಕಿಂತ ಕೆಳಗೆ ಅಥವಾ ಗ್ಲೂಕೋಸ್ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗೆ ಇಳಿದಿದ್ದರೆ, ಪಿಸಿಆರ್ ಏನೇ ಹೇಳಲಿ, ಅದನ್ನು ಬರೀ ವೈರಲ್ ಎನ್ನಬೇಡಿ. ನ್ಯುಮೋನಿಯಾ ಇರುವ ರೋಗಿಯಲ್ಲಿ ಅದು ಕೊಳವೆ ಹಾಕಬೇಕಾದ ನೀರು. ನೀರು ಕೆಂಪಾಗಿದ್ದು, ಉಸಿರುಗಟ್ಟುವಿಕೆ ಎಕ್ಸ್‌ರೇಗೆ ಹೊಂದದಷ್ಟು ಜಾಸ್ತಿಯಿದ್ದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೇ ಎಂದು ಸಿಟಿ ಸ್ಕ್ಯಾನ್ ಮಾಡಿಸಿ. ತೀವ್ರ ವೈರಲ್ ಸೋಂಕು ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ಹೆಚ್ಚಿಸುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ಇರಬಹುದು.

ಪಿಸಿಆರ್ ಪಾಸಿಟಿವ್ ಬಂದರೆ? ಯಾವ ವೈರಸ್ ಎಂಬುದರ ಮೇಲೆ ಉತ್ತರ ನಿಂತಿದೆ. ಅಡೆನೋವೈರಸ್ ಅಥವಾ ಇನ್‌ಫ್ಲುಯೆಂಜಾ ನೀರಿನಲ್ಲೂ ಸ್ವಾಬಿನಲ್ಲೂ ಸಿಕ್ಕಿ, ಪಿಸಿಆರ್‌ನ ಸಿಟಿ ಮೌಲ್ಯ (ಎಷ್ಟನೇ ಸುತ್ತಿನಲ್ಲಿ ವೈರಸ್ ಕಂಡಿತು ಎಂಬ ಅಂಕಿ, ಕಡಿಮೆಯಿದ್ದಷ್ಟೂ ವೈರಸ್ ಹೆಚ್ಚು) ಕಡಿಮೆಯಿದ್ದು, ಉಳಿದ ಚಿತ್ರ ಹೊಂದಿದರೆ ನಂಬಬಹುದು. ಅಡೆನೋವೈರಸ್ ನ್ಯುಮೋನಿಯಾ ಇರುವ ಮಕ್ಕಳಲ್ಲಿ ಎದೆನೀರನ್ನು ಪರೀಕ್ಷಿಸುವುದಕ್ಕೆ ಅರ್ಥವಿದೆ. ಎಪ್‌ಸ್ಟೀನ್-ಬಾರ್ ವೈರಸ್ ವಿಷಯದಲ್ಲಿ ಹಾಗಲ್ಲ. ಅದು ಬಹುಪಾಲು ವಯಸ್ಕರ ಬಿ ಲಿಂಫೋಸೈಟ್‌ಗಳಲ್ಲಿ ಬದುಕಿಡೀ ಮಲಗಿರುತ್ತದೆ. ಬೇರೆ ಯಾವ ಕಾರಣಕ್ಕೇ ಆಗಲಿ ಲಿಂಫೋಸೈಟ್‌ಗಳು ನೀರಿಗೆ ಬಂದರೆ ಅದೂ ಅವುಗಳ ಜೊತೆ ಬರುತ್ತದೆ. ಅದರ ಡಿಎನ್‌ಎ ಸ್ವಲ್ಪ ಸಿಕ್ಕಿತೆಂದು ರೋಗಕಾರಣವೆಂದು ಬರೆಯಬಾರದು. ಸೈಟೊಮೆಗಲೋವೈರಸ್‌ಗೂ ಇದೇ ಎಚ್ಚರ. ಎಚ್‌ಎಚ್‌ವಿ-8 ಸಿಕ್ಕರೆ ಅದು ಸೋಂಕಿನ ಮಾತಲ್ಲ, ಪ್ಲೂರಾದ ನೀರಿನಲ್ಲೇ ಬೆಳೆಯುವ ಒಂದು ಬಗೆಯ ಲಿಂಫೋಮಾ ಇದೆಯೇ ಎಂದು ಹುಡುಕಬೇಕು. ಸಿಟಿ ಮೌಲ್ಯ 37–38 ದಾಟಿದ ಪಾಸಿಟಿವ್ ಬಂದರೆ ಹೊಸದಾಗಿ ಹೊರತೆಗೆದು ಮತ್ತೊಮ್ಮೆ ಓಡಿಸಿ. ಪಿಸಿಆರ್ ತಟ್ಟೆಯ ಪಕ್ಕದ ಗುಳಿಯಿಂದ ಹನಿ ಸಿಡಿದಿರಬಹುದು, ಸೂಜಿ ಸೋಂಕಿನ ಶ್ವಾಸಕೋಶವನ್ನು ತಾಗಿ ಬಂದಿರಬಹುದು.

ಸ್ವಾಬಿನಲ್ಲಿ ಪಾಸಿಟಿವ್, ನೀರಿನಲ್ಲಿ ನೆಗೆಟಿವ್ ಬರುವುದೇ ಹೆಚ್ಚು. ಅದು ವೈರಲ್ ಕಾರಣವನ್ನು ತಳ್ಳಿಹಾಕುವುದಿಲ್ಲ. ಹಾಗೆಯೇ ಸ್ವಾಬಿನಲ್ಲಿ ರೈನೋವೈರಸ್ ಸಿಕ್ಕಿತೆಂದ ಮಾತ್ರಕ್ಕೆ ಎದೆನೀರಿಗೆ ಅದೇ ಕಾರಣವೆನ್ನಲೂ ಆಗದು. ನೆಗಡಿ ವಾಸಿಯಾದ ಮೇಲೂ ಅದು ವಾರಗಟ್ಟಲೆ ಮೂಗಿನಲ್ಲಿ ಸಿಗುತ್ತಿರುತ್ತದೆ. ಎದೆ ಹಿಂಡುವಂಥ ನೋವಿದ್ದು ನೀರು ಇಲ್ಲವೇ ಇಲ್ಲ ಎನ್ನುವಷ್ಟಿದ್ದರೆ ಕಾಕ್ಸ್ಯಾಕಿ ಬಿ ವೈರಸ್ ನೆನಪಾಗಬೇಕು. ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದ ಹೆಸರು ಹೊತ್ತ ಆ ಕಾಯಿಲೆಯಲ್ಲಿ ಗಂಟಲ ಸ್ವಾಬು ಮತ್ತು ಮಲದಲ್ಲಿ ಎಂಟೆರೊವೈರಸ್ ಹುಡುಕಬೇಕು. ಮೈಕೋಪ್ಲಾಸ್ಮಾ ವೈರಸ್ ಅಲ್ಲ, ಬ್ಯಾಕ್ಟೀರಿಯಾ, ಆದರೂ ಸ್ವಾಬಿನ ಪಿಸಿಆರ್‌ನಲ್ಲಿ ಅದನ್ನೂ ಸೇರಿಸಿ. ಅದರ ಚಿತ್ರ ವೈರಲ್‌ನಂತೆಯೇ ಕಾಣುತ್ತದೆ, ಚಿಕಿತ್ಸೆ ಮಾತ್ರ ಬೇರೆ.

ಕ್ಷಯವನ್ನು ಮರೆತರೆ

ಲಿಂಫೋಸೈಟ್ ತುಂಬಿದ ಹುಲ್ಲುಬಣ್ಣದ ಎಕ್ಸುಡೇಟ್, ಜ್ವರ, ಒಂದು ಪಕ್ಕದ ನೋವು. ವೈರಲ್ ಎದೆನೀರಿನ ಈ ವಿವರಣೆ ಕ್ಷಯದ ಎದೆನೀರಿಗೂ ಅಕ್ಷರಶಃ ಹೊಂದುತ್ತದೆ. ಇನ್ನೂ ಮೋಸಗೊಳಿಸುವ ಸಂಗತಿಯೆಂದರೆ ಕ್ಷಯದ ನೀರೂ ಚಿಕಿತ್ಸೆಯಿಲ್ಲದೆ ತಾನಾಗಿಯೇ ಇಂಗಬಹುದು. ನೀರು ಹೋಯಿತು, ವೈರಲ್ ಆಗಿತ್ತು ಎಂದು ರೋಗಿಯನ್ನು ಮನೆಗೆ ಕಳಿಸಿದರೆ ಮುಂದೇನಾಗುತ್ತದೆ ಎಂಬುದಕ್ಕೆ ರೋಪರ್ ಮತ್ತು ವೇರಿಂಗ್ 1955ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಎದೆನೀರು ಬಂದು ಕ್ಷಯದ ಔಷಧಿಯಿಲ್ಲದೆ ಬಿಟ್ಟ ಅಮೆರಿಕದ 141 ಸೈನಿಕರಲ್ಲಿ ಶೇ 65ರಷ್ಟು ಮಂದಿಗೆ ಮುಂದಿನ ವರ್ಷಗಳಲ್ಲಿ ಸಕ್ರಿಯ ಕ್ಷಯ ಕಾಣಿಸಿಕೊಂಡಿತು.

ಆದ್ದರಿಂದ ಲಿಂಫೋಸೈಟ್ ಹೆಚ್ಚಿರುವ ಪ್ರತಿ ಎಕ್ಸುಡೇಟ್‌ನಲ್ಲೂ ಎಡಿಎ ನೋಡಲೇಬೇಕು. ಲೀಟರಿಗೆ 40 ಯೂನಿಟ್ ದಾಟಿದರೆ ಕ್ಷಯದ ಸಂಭವ ಗಟ್ಟಿಯಾಗುತ್ತದೆ. ಕೀವು, ಲಿಂಫೋಮಾ, ರುಮಟಾಯ್ಡ್ ಕಾಯಿಲೆಗಳಲ್ಲೂ ಅದು ಏರಬಹುದು. ಹಾಗಾಗಿ ಕೋಶಗಳ ಎಣಿಕೆಯ ಪಕ್ಕದಲ್ಲಿಟ್ಟೇ ಅದನ್ನು ಓದಬೇಕು. ನೀರಿನಲ್ಲಿ ಮೀಸೋಥೀಲಿಯಲ್ ಕೋಶಗಳು (ಪ್ಲೂರಾದ ಒಳಪದರದ ಕೋಶಗಳು) ಶೇ 5ಕ್ಕಿಂತ ಹೆಚ್ಚಿದ್ದರೆ ಕ್ಷಯದ ಸಂಭವ ಕಡಿಮೆ. ಎದೆನೀರಿನಲ್ಲಿ ಕ್ಷಯದ ಪಿಸಿಆರ್ ನೆಗೆಟಿವ್ ಬಂತೆಂದು ಕ್ಷಯವಿಲ್ಲ ಎನ್ನುವಂತಿಲ್ಲ. ಈ ನೀರಿನಲ್ಲಿ ಬ್ಯಾಕ್ಟೀರಿಯಾ ವಿರಳ, ಪೊರೆಯ ಚೂರಿನಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕ್ಷಯದ ಕಲ್ಚರ್ ವರದಿಗೆ ಆರರಿಂದ ಎಂಟು ವಾರ ಬೇಕಾಗುವುದರಿಂದ, ವೈರಲ್ ಎಂದು ಬರೆದ ಡಿಸ್ಚಾರ್ಜ್ ಚೀಟಿಯಲ್ಲೇ ಆ ವರದಿಯನ್ನು ಯಾರು, ಯಾವ ದಿನ ನೋಡಬೇಕು ಎಂದು ನಮೂದಿಸಿ.

ವೈರಲ್ ನೀರು ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಇಂಗುತ್ತದೆ. ಆ ಹೊತ್ತಿಗೆ ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ಮತ್ತೊಮ್ಮೆ ಮಾಡಿಸಿ. ನೀರು ಹಾಗೇ ಇದ್ದರೆ, ಹೆಚ್ಚಿದ್ದರೆ, ಅಥವಾ ಸಂಜೆಯ ಜ್ವರ ಮತ್ತು ತೂಕ ಇಳಿಯುವುದು ನಿಂತಿಲ್ಲವಾದರೆ ವೈರಲ್ ಎಂಬ ಹೆಸರನ್ನು ತೆಗೆದುಹಾಕಿ, ಮತ್ತೆ ನೀರು ತೆಗೆದು, ಎದೆಯೊಳಗೆ ಕ್ಯಾಮೆರಾ ಇಳಿಸುವ ಥೋರಕೋಸ್ಕೋಪಿಯಲ್ಲೋ ಇಮೇಜ್ ನೋಡಿಕೊಂಡು ಸೂಜಿಯಿಂದಲೋ ಪ್ಲೂರಾದ ಬಯಾಪ್ಸಿಗೆ ಕಳಿಸಿ. ಬಯಾಪ್ಸಿಯ ಚೂರುಗಳಲ್ಲಿ ಕೆಲವನ್ನು ಫಾರ್ಮಲಿನ್‌ಗೆ ಹಾಕಿ, ಕೆಲವನ್ನು ಸಲೈನ್‌ನಲ್ಲೇ ಕ್ಷಯದ ಕಲ್ಚರ್‌ಗೆ ಬೇರೆ ಇಡಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್‌ಗೆ ಏನೂ ಉಳಿಯುವುದಿಲ್ಲ.